ವಾದವನ್ನು ಸಡಿಲಿಸುವ ಪ್ರಶ್ನೆ

ಕಾನೂನು ಶಾಲೆಗಳಿಗೆ ಸೇರಬಯಸುವ ಮಕ್ಕಳು ಬರೆಯಬೇಕಾದ ಪ್ರವೇಶ ಪರೀಕ್ಷೆಗಳಲ್ಲಿ ಒಂದು ಬಗೆಯ ಪ್ರಶ್ನೆ ತಪ್ಪದೆ ಇರುತ್ತದೆ. ಐದಾರು ಸಾಲುಗಳಲ್ಲಿ ಯಾರೋ ಒಬ್ಬರ ವಾದವನ್ನು ಕೊಟ್ಟು, ಅದರ ಕೆಳಗೆ ನಾಲ್ಕೋ ಐದೋ ಹೇಳಿಕೆಗಳನ್ನಿಟ್ಟು, ಇವುಗಳಲ್ಲಿ ಯಾವುದು ನಿಜವಾಗಿದ್ದ ಪಕ್ಷದಲ್ಲಿ ಮೇಲಿನ ವಾದ ಎಲ್ಲಕ್ಕಿಂತ ಹೆಚ್ಚಾಗಿ ಸಡಿಲಗೊಳ್ಳುತ್ತದೆ ಎಂದು ಕೇಳುತ್ತಾರೆ. ನಮ್ಮ ಸಂಘದ ಮನೆಗಳಲ್ಲಿಯೂ ಈ ಪರೀಕ್ಷೆಗೆ ಓದುತ್ತಿರುವ ಮಕ್ಕಳಿದ್ದಾರೆ. ದಪ್ಪ ಗೈಡುಗಳು ಮೇಜಿನ ಮೇಲೆ ಬಿದ್ದಿರುತ್ತವೆ. ಹಿರಿಯರು ಅದನ್ನು ಇಂಗ್ಲಿಷಿನ ಅಭ್ಯಾಸವೆಂದು ತಿಳಿದು ಆಚೆಗಿಡುತ್ತಾರೆ. ಕಥೆ ಕಾದಂಬರಿಗಳನ್ನು ವಿಮರ್ಶಿಸುವ ನಾವು ಲಕ್ಷಗಟ್ಟಲೆ ಮಕ್ಕಳ ಬುದ್ಧಿಯನ್ನು ತಿದ್ದುವ ಒಂದು ಪ್ರಶ್ನೆಯನ್ನೂ ಒಮ್ಮೆ ವಿಮರ್ಶಿಸಿ ನೋಡಿದರೆ ತಪ್ಪಿಲ್ಲವೆಂದು ಇದನ್ನು ಬರೆಯುತ್ತಿದ್ದೇವೆ.

ಪ್ರಶ್ನೆಯನ್ನು ನಯಗೊಳಿಸಿ ಬೆಳೆಸಿದ್ದು ಅಮೆರಿಕದ ಕಾನೂನು ಶಾಲೆಗಳ ಎಲ್‌ಸ್ಯಾಟ್ ಪರೀಕ್ಷೆ. ಆ ಪರೀಕ್ಷೆ ಮೊದಲು ನಡೆದದ್ದು 1948ರಲ್ಲಿ. ಯಾರ ಪಕ್ಕ ಯಾರು ಕುಳಿತರು ಎಂಬಂಥ ಒಗಟುಗಳ ವಿಭಾಗವೊಂದು ಅದರಲ್ಲಿ ಬಹುಕಾಲ ಇತ್ತು. 2024ರ ಆಗಸ್ಟಿನಲ್ಲಿ ಅದನ್ನು ಕೈಬಿಟ್ಟು ವಾದಗಳನ್ನು ಪರೀಕ್ಷಿಸುವ ಭಾಗವನ್ನು ಎರಡು ಪಟ್ಟು ಮಾಡಿದರು. ನಮ್ಮ ದೇಶದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ ಇಂಥ ಶಾಲೆಗಳಿಗೆಲ್ಲ ಹಿರಿಯಣ್ಣ. ಅದೂ ಸೇರಿ ಹಲವು ಶಾಲೆಗಳು 2008ರಲ್ಲಿ ಕ್ಲ್ಯಾಟ್ ಎಂಬ ಒಂದೇ ಪರೀಕ್ಷೆಯನ್ನು ಆರಂಭಿಸಿದವು. 2020ರಲ್ಲಿ ಅದರ ರೂಪ ಬದಲಾಗಿ, ಉದ್ದನೆಯ ಗದ್ಯಭಾಗವನ್ನು ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುವ ಪದ್ಧತಿ ಬಂದಿತು. ನಾವು ಹೇಳುತ್ತಿರುವ ಪ್ರಶ್ನೆಗೆ ಅಲ್ಲಿ ಖಾಯಂ ಸ್ಥಾನವಿದೆ.

ಸರಕಾರಿ ನೌಕರಿಯ ಪರೀಕ್ಷೆಗಳನ್ನು ಬರೆದ ನಮ್ಮ ಪೀಳಿಗೆಯವರಿಗೆ ಇದರ ದಾಯಾದಿಯೊಂದು ಗೊತ್ತಿದೆ. 'ಇಂಥದನ್ನು ನಿಷೇಧಿಸಬೇಕೆ?' ಎಂದು ಕೇಳಿ, 'ಹೌದು, ಏಕೆಂದರೆ' ಎಂಬ ಒಂದು ವಾದವನ್ನೂ 'ಬೇಡ, ಏಕೆಂದರೆ' ಎಂಬ ಇನ್ನೊಂದನ್ನೂ ಕೊಟ್ಟು, ಯಾವುದು ಬಲವಾದದ್ದು ಯಾವುದು ದುರ್ಬಲವಾದದ್ದು ಎಂದು ಗುರುತಿಸಲು ಹೇಳುತ್ತಿದ್ದರು. ಅದು ನಮ್ಮ ಅಭಿಪ್ರಾಯದಲ್ಲಿ ಕೆಟ್ಟ ಪ್ರಶ್ನೆ. ವಾದದ ಬಲವನ್ನು ಅಳೆಯುವ ಕೋಲು ಅಲ್ಲಿ ಇರುತ್ತಿರಲಿಲ್ಲ; ಪರೀಕ್ಷಕನಿಗೆ ಯಾವುದು ಮುಖ್ಯವೆಂದು ತೋರಿತೋ ಅದು ಬಲವಾದದ್ದು, ಅಷ್ಟೆ. ಸಡಿಲಿಸುವ ಪ್ರಶ್ನೆ ಅದಕ್ಕಿಂತ ಎಷ್ಟೋ ಪ್ರಾಮಾಣಿಕವಾದದ್ದು. ಏಕೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಉದಾಹರಣೆ ಕಲ್ಪಿತ.

ಒಂದು ಕಚೇರಿಯಲ್ಲಿ ಏಪ್ರಿಲ್ ತಿಂಗಳಿನಿಂದ ಹೆಬ್ಬೆರಳೊತ್ತಿ ಹಾಜರಿ ಹಾಕುವ ಯಂತ್ರ ಬಂದಿತು. ಅದಕ್ಕೆ ಹಿಂದಿನ ಮೂರು ತಿಂಗಳಲ್ಲಿ 400 ಕಡತಗಳು ವಿಲೇವಾರಿಯಾಗಿದ್ದವು. ಯಂತ್ರ ಬಂದ ಮೇಲಿನ ಮೂರು ತಿಂಗಳಲ್ಲಿ 800 ಆದವು. ಆದ್ದರಿಂದ ಯಂತ್ರವೇ ಕೆಲಸವನ್ನು ಹೆಚ್ಚಿಸಿತು ಎಂದು ಮೇಲಧಿಕಾರಿ ತೀರ್ಮಾನಿಸುತ್ತಾರೆ. (ಮಾರ್ಚ್ ತಿಂಗಳ ಗಡಿಬಿಡಿಯನ್ನು ಕಂಡವರು ಈ ಲೆಕ್ಕಕ್ಕೆ ನಗಬಹುದು. ಪ್ರಶ್ನೆಗಾಗಿ ಮಾಡಿಕೊಂಡ ಲೆಕ್ಕ, ಒಪ್ಪಿಕೊಳ್ಳಬೇಕು.) ಈಗ ನಾಲ್ಕು ಹೇಳಿಕೆಗಳು. ಅ: ಯಂತ್ರದ ಬಗ್ಗೆ ನೌಕರರಲ್ಲಿ ಅಸಮಾಧಾನವಿದೆ. ಆ: ಬಹುಕಾಲ ಖಾಲಿಯಿದ್ದ ಆರು ಹುದ್ದೆಗಳು ಅದೇ ಏಪ್ರಿಲಿನಲ್ಲಿ ಭರ್ತಿಯಾದವು. ಇ: ಯಂತ್ರ ಬರುವ ಮೊದಲೂ ಕೆಲವು ನೌಕರರು ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಈ: ನೆರೆಯ ಕಚೇರಿಯಲ್ಲಿ ಇಂಥದೇ ಯಂತ್ರವನ್ನಿಟ್ಟರೂ ಕಡತಗಳ ವಿಲೇವಾರಿ ಹೆಚ್ಚಲಿಲ್ಲ.

ಅಭ್ಯಾಸವಿಲ್ಲದವರು ಮೊದಲು ಅ ಎಂಬುದಕ್ಕೆ ಕೈಹಾಕುತ್ತಾರೆ. ಅದು ಯಂತ್ರಕ್ಕೆ ವಿರುದ್ಧವಾದ ಮಾತು, ಆದ್ದರಿಂದ ವಾದಕ್ಕೂ ವಿರುದ್ಧವಿರಬೇಕು ಎಂಬ ಭ್ರಮೆ. ಆದರೆ ನೌಕರರು ಸಿಟ್ಟಾಗಿದ್ದರೂ ಕೆಲಸ ಹೆಚ್ಚಿರಬಹುದಲ್ಲ! ವಾದದ ಆಧಾರ ಒಂದು, ತೀರ್ಮಾನ ಒಂದು, ಇವೆರಡರ ನಡುವೆ ಹೇಳದೆ ಬಿಟ್ಟ ಒಂದು ನಂಬಿಕೆ. ಇಲ್ಲಿ ಆ ನಂಬಿಕೆ ಎಂದರೆ, ಏಪ್ರಿಲಿನಲ್ಲಿ ಯಂತ್ರವಲ್ಲದೆ ಬೇರೇನೂ ಬದಲಾಗಲಿಲ್ಲ ಎಂಬುದು. ಆ ಎಂಬ ಹೇಳಿಕೆ ನೇರವಾಗಿ ಅದಕ್ಕೇ ತಗಲುತ್ತದೆ. ಆರು ಜನ ಹೆಚ್ಚಾಗಿ ಬಂದಿದ್ದರೆ ಕಡತಗಳು ಹೆಚ್ಚಿಗೆ ಸಾಗಿದ್ದಕ್ಕೆ ಇನ್ನೊಂದು ಕಾರಣ ದೊರಕಿತು. ಆಧಾರವನ್ನು ಯಾರೂ ಅಲ್ಲಗಳೆಯಲಿಲ್ಲ. 400, 800 ಎಂಬ ಲೆಕ್ಕ ಹಾಗೆಯೇ ಇದೆ. ಸಡಿಲವಾದದ್ದು ಆಧಾರಕ್ಕೂ ತೀರ್ಮಾನಕ್ಕೂ ಹಾಕಿದ್ದ ಗಂಟು.

'ನಿಜವಾಗಿದ್ದ ಪಕ್ಷದಲ್ಲಿ' ಎಂಬ ಮಾತನ್ನು ಮಕ್ಕಳು ಹಾರಿಸಿ ಓದುತ್ತಾರೆ. ಹಾಗೆ ಓದಬಾರದು. ಹೇಳಿಕೆ ನಿಜವೋ ಸುಳ್ಳೋ ಎಂದು ತಮ್ಮ ಅನುಭವದಿಂದ ತೀರ್ಮಾನಿಸುವ ಅಧಿಕಾರ ಇಲ್ಲಿ ಅವರಿಗಿಲ್ಲ. ಸರಕಾರಿ ಕಚೇರಿಯಲ್ಲಿ ಆರು ಹುದ್ದೆ ಒಂದೇ ತಿಂಗಳಲ್ಲಿ ಭರ್ತಿಯಾಗುವುದುಂಟೆ ಎಂದು ನಾವು ನೀವು ನಕ್ಕುಬಿಡಬಹುದು. ಪರೀಕ್ಷೆ ಬರೆಯುವ ಹುಡುಗಿ ನಗಬಾರದು. ಎದುರಾಳಿಯ ಮಾತನ್ನು ಒಂದು ಕ್ಷಣ ನಿಜವೆಂದು ಒಪ್ಪಿಕೊಂಡು, ಹಾಗಾದರೆ ಏನಾಗುತ್ತದೆ ಎಂದು ಯೋಚಿಸುವ ಈ ಶಿಸ್ತು ನಮ್ಮ ಸಭೆಗಳಲ್ಲಿ, ಗೃಹನಿರ್ಮಾಣ ಸೊಸೈಟಿಗಳ ಮಹಾಸಭೆಗಳಲ್ಲಂತೂ, ತೀರ ಅಪರೂಪ. ಪ್ರಶ್ನೆಯ ದೊಡ್ಡ ಗುಣ ಇದೇ ಎಂದು ನಾವು ಹೇಳುತ್ತೇವೆ.

ಇನ್ನು ದೋಷಕ್ಕೆ ಬರೋಣ. ಇ ಎಂಬುದನ್ನು ಬಿಟ್ಟುಬಿಡಬಹುದು. 'ಕೆಲವು' ಎಂಬ ಶಬ್ದ ಅದನ್ನು ಪೊಳ್ಳಾಗಿಸಿದೆ. ಆದರೆ ಈ ಎಂಬುದರ ಗತಿ ಏನು? ನೆರೆಯ ಕಚೇರಿಯಲ್ಲಿ ಯಂತ್ರದಿಂದ ಪ್ರಯೋಜನವಾಗಲಿಲ್ಲವೆಂದರೆ ಇಲ್ಲಿಯೂ ಅದರ ಮಹಿಮೆಯ ಬಗ್ಗೆ ಸಂದೇಹ ಬರುವುದು ಸಹಜವೇ. ಅದೂ ವಾದವನ್ನು ಸಡಿಲಿಸುತ್ತದೆ. ಕೀಲಿ ಉತ್ತರ ಬರೆದವರು ಆ ಎಂದೇ ಬರೆಯುತ್ತಾರೆ, ಏಕೆಂದರೆ ಅದು ಇದೇ ಕಚೇರಿಯ ಇದೇ ತಿಂಗಳ ಮಾತು. ನೆರೆಯ ಕಚೇರಿಯವರು ಮೊದಲಿನಿಂದಲೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದವರಾಗಿರಬಹುದು. ಒಪ್ಪೋಣ. ಆದರೆ 'ಎಲ್ಲಕ್ಕಿಂತ ಹೆಚ್ಚಾಗಿ' ಎಂದು ಕೇಳಿದ ಮೇಲೆ ಅಳತೆಯ ಮಾತು ಬಂದಂತಾಯಿತು. ಆರು ಜನ ಹೊಸಬರು 400 ಕಡತಗಳನ್ನು ಹೆಚ್ಚಿಗೆ ಸಾಗಿಸಬಲ್ಲರೇ? ಕಚೇರಿಯಲ್ಲಿ ಹತ್ತು ಜನರಿದ್ದರೆ ಒಂದು ಮಾತು, ನೂರು ಜನರಿದ್ದರೆ ಇನ್ನೊಂದು ಮಾತು. ಪ್ರಶ್ನೆ ಅದನ್ನು ಹೇಳುವುದಿಲ್ಲ, ಕೇಳುವುದೂ ಇಲ್ಲ. ಒಳ್ಳೆಯ ಪ್ರಶ್ನೆ ತೆಗೆಯುವವರು ಈ ತರಹದ ಎರಡನೆಯ ಉತ್ತರವನ್ನು ಇಡುವುದೇ ಇಲ್ಲ. ಅವಸರದಲ್ಲಿ ಗೈಡು ಬರೆಯುವವರು ಇಟ್ಟುಬಿಡುತ್ತಾರೆ. ಆಮೇಲೆ ವಿವರಣೆಯಲ್ಲಿ 'ಇದು ಅಷ್ಟು ಪ್ರಬಲವಲ್ಲ' ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ.

ಇದೆಲ್ಲ ಪಶ್ಚಿಮದಿಂದ ಬಂದ ಜಾಣತನವೆಂದು ಯಾರೂ ಭಾವಿಸಬೇಕಾಗಿಲ್ಲ. ಹೊಗೆಯಿರುವುದರಿಂದ ಬೆಟ್ಟದಲ್ಲಿ ಬೆಂಕಿಯಿದೆ ಎಂಬ ಅನುಮಾನವನ್ನು ಕೇಳದವರು ನಮ್ಮಲ್ಲಿ ಕಡಿಮೆ. ಅದನ್ನೇ ತಿರುವಿ, ಬೆಂಕಿಯಿರುವುದರಿಂದ ಬೆಟ್ಟದಲ್ಲಿ ಹೊಗೆಯಿದೆ ಎಂದರೆ ನೈಯಾಯಿಕರು ಒಪ್ಪುವುದಿಲ್ಲ. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯೆಲ್ಲಿದೆ ಎನ್ನುತ್ತಾರೆ. ಹೊಗೆ ಬರಬೇಕಾದರೆ ಹಸಿ ಸೌದೆಯೂ ಬೇಕು. ಹೀಗೆ ಹೇಳದೆ ಬಿಟ್ಟುಹೋದ ಷರತ್ತಿಗೆ ಅವರು ಉಪಾಧಿ ಎಂದು ಹೆಸರಿಟ್ಟರು. ನಮ್ಮ ಕಚೇರಿಯ ಉದಾಹರಣೆಯಲ್ಲಿ ಆ ಆರು ಹುದ್ದೆಗಳು ಹಸಿ ಸೌದೆಯ ಕೆಲಸವನ್ನೇ ಮಾಡುತ್ತಿವೆ ಎಂದರೆ ಪಂಡಿತರು ಪೂರ್ತಿ ಒಪ್ಪಲಾರರೇನೋ. ಆದರೆ ಮನೆಯಲ್ಲಿ ಅಜ್ಜ ಮೊಮ್ಮಗಳಿಗೆ ಹೇಳಿಕೊಡಲು ಅಷ್ಟು ಸಾಕು.

ಪ್ರಶ್ನೆಯ ಮುಖ್ಯ ಕೊರತೆಯನ್ನು ನಾವಿನ್ನೂ ಹೇಳಿಲ್ಲ. ಒಂದು ವಾದ ಸಡಿಲವಾಯಿತೆಂದರೆ ಅದರ ತೀರ್ಮಾನ ಸುಳ್ಳಾಯಿತೆಂದಲ್ಲ. ಉತ್ತರದ ಮೇಲೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಓಡುವ ಮಗುವಿಗೆ ಈ ವ್ಯತ್ಯಾಸವನ್ನು ಮನಗಾಣಲು ಅವಕಾಶವೇ ಸಿಗುವುದಿಲ್ಲ. ಇದಕ್ಕೆ ಇತಿಹಾಸದಲ್ಲಿ ಎರಡು ಒಳ್ಳೆಯ ನಿದರ್ಶನಗಳಿವೆ. ಎರಡನ್ನೂ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಬಂದಿತು. ಹತ್ತು ದಿನಗಳಲ್ಲಿ ಐನೂರಕ್ಕೂ ಮಿಕ್ಕಿ ಜನ ಸತ್ತರು. ಕೆಟ್ಟ ಗಾಳಿಯಿಂದ ಈ ರೋಗ ಬರುತ್ತದೆಂಬುದು ಆಗಿನ ದೊಡ್ಡ ದೊಡ್ಡವರ ಮತ. ಜಾನ್ ಸ್ನೋ ಎಂಬ ವೈದ್ಯ ಮಾತ್ರ ನೀರಿನಿಂದ ಎನ್ನುತ್ತಿದ್ದ. ಅದೇ ಬೀದಿಯಲ್ಲಿ ಬಿಯರ್ ತಯಾರಿಸುವ ಒಂದು ಕಾರ್ಖಾನೆಯಿತ್ತು. ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರು ಕುಡಿಯುತ್ತಿದ್ದುದು ಕಾರ್ಖಾನೆಯ ಬಿಯರು. ಅಲ್ಲಿ ಬೇರೆ ಬಾವಿಯೂ ಇತ್ತು. ಹತ್ತಿರದ ಬಡವರ ಆಶ್ರಮದಲ್ಲಿ 535 ಜನರಿದ್ದರು; ಸತ್ತವರು ಐದೇ ಜನ. ಅಲ್ಲಿಯೂ ಸ್ವಂತ ಬಾವಿ. ಇವರೆಲ್ಲ ಉಸಿರಾಡಿದ ಗಾಳಿ ಸತ್ತವರು ಉಸಿರಾಡಿದ ಗಾಳಿಯೇ ತಾನೆ! ಗಾಳಿಯ ವಾದವನ್ನು ಸಡಿಲಿಸಲು ಇದಕ್ಕಿಂತ ಒಳ್ಳೆಯ ಹೇಳಿಕೆಯನ್ನು ಯಾವ ಪರೀಕ್ಷಕನೂ ರಚಿಸಲಾರ. ಇದಕ್ಕೆ ವಿರುದ್ಧ ದಿಕ್ಕಿನಿಂದ ಇನ್ನೊಂದು ಸಾಕ್ಷಿ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆಗೆ ಬ್ರಾಡ್ ಸ್ಟ್ರೀಟಿನ ನೀರೇ ಇಷ್ಟ. ಗಾಡಿಯಲ್ಲಿ ಸೀಸೆ ತರಿಸಿಕೊಳ್ಳುತ್ತಿದ್ದಳು. ಆಕೆಯೂ, ನೋಡಲು ಬಂದು ಅದೇ ನೀರು ಕುಡಿದು ಹೋದ ಆಕೆಯ ಸಂಬಂಧದ ಹುಡುಗಿಯೂ ಕಾಲರಾದಿಂದ ಸತ್ತರು.

ಸೆಪ್ಟೆಂಬರ್ 8ರಂದು ಆ ಬೀದಿಯ ಪಂಪಿನ ಹಿಡಿಯನ್ನು ಕಳಚಿದರು. ಹಿಡಿ ಕಳಚಿದರು, ರೋಗ ನಿಂತಿತು, ಆದ್ದರಿಂದ ನೀರೇ ಕಾರಣ ಎಂದು ಪಾಠಪುಸ್ತಕಗಳು ಕಥೆಯನ್ನು ಅಲ್ಲಿಗೇ ಮುಗಿಸುತ್ತವೆ. ಈ ಕೊನೆಯ ವಾದವನ್ನು ಪರೀಕ್ಷೆಯಲ್ಲಿ ಕೊಟ್ಟರೆ ಸಡಿಲಿಸುವುದು ಸುಲಭ. ಹಿಡಿ ಕಳಚುವ ಮೊದಲೇ ರೋಗ ಇಳಿಮುಖವಾಗಿತ್ತು, ಜನ ಊರು ಬಿಟ್ಟು ಓಡಿದ್ದರು. ಇದನ್ನು ಕಂಡುಹಿಡಿದವರು ವಿರೋಧಿಗಳಲ್ಲ. ಸ್ವತಃ ಸ್ನೋನೇ ತನ್ನ ಬರವಣಿಗೆಯಲ್ಲಿ ಒಪ್ಪಿಕೊಂಡ ಸಂಗತಿ. ವಾದ ಸಡಿಲವಾಯಿತು, ತೀರ್ಮಾನ ಮಾತ್ರ ನಿಜವಾಗಿಯೇ ಉಳಿಯಿತು, ಬಿಯರು ಕುಡಿದವರ ಮತ್ತು ಸೀಸೆಯ ನೀರು ಕುಡಿದವಳ ಬಲದಿಂದ. ಒಂದು ಊರುಗೋಲು ಮುರಿದರೆ ಬೀಳುವ ಮನೆಯೂ ಉಂಟು, ಬೀಳದ ಮನೆಯೂ ಉಂಟು.

ಎರಡನೆಯ ನಿದರ್ಶನ ಸಿಗರೇಟಿನದು. 1950ರಲ್ಲಿ ಡಾಲ್ ಮತ್ತು ಹಿಲ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು ಸಿಗರೇಟು ಸೇದುವುದಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧವಿದೆಯೆಂದು ಪ್ರಕಟಿಸಿದರು. ಇದನ್ನು ವಿರೋಧಿಸಿದವರು ಸಾಮಾನ್ಯರಲ್ಲ. ಬಿ.ಎಸ್ಸಿ. ಓದುವಾಗ ಸಂಖ್ಯಾಶಾಸ್ತ್ರದ ಗಾಳಿ ಸೋಕಿದವರೆಲ್ಲ ಹೆಸರು ಕೇಳಿರುವ ಆರ್. ಎ. ಫಿಷರ್, ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಹಲವು ಬಾರಿ ಬಂದುಹೋದ ಮಹಾಪಂಡಿತರು. 1957-58ರಲ್ಲಿ ಅವರು ಎತ್ತಿದ ಆಕ್ಷೇಪ ಇದು: ಹುಟ್ಟಿನಿಂದ ಬಂದ ಯಾವುದೋ ಒಂದು ಗುಣವೇ ಕೆಲವರನ್ನು ಸಿಗರೇಟಿನ ಕಡೆಗೂ ಕ್ಯಾನ್ಸರಿನ ಕಡೆಗೂ ಒಯ್ಯುತ್ತಿರಬಾರದೇಕೆ? ಹಾಗಿದ್ದರೆ ಸಿಗರೇಟು ನಿರಪರಾಧಿ. ಒಂದೇ ಬಸಿರಿನ, ಒಂದೇ ರೂಪದ ಅವಳಿಗಳಲ್ಲಿ ಸೇದುವ ಅಭ್ಯಾಸ ಹೆಚ್ಚು ಹೋಲುತ್ತದೆಂಬ ಅಂಕಿ ಅಂಶಗಳನ್ನೂ ಕೊಟ್ಟರು. ಫಿಷರರು ಪೈಪು ಸೇದುತ್ತಿದ್ದರು, ತಂಬಾಕು ತಯಾರಕರಿಗೆ ಸಲಹೆಗಾರರೂ ಆಗಿದ್ದರು. ಆದರೆ ಅದನ್ನು ಹೇಳಿ ಅವರ ಮಾತನ್ನು ತಳ್ಳಿಹಾಕುವುದು ಅ ಎಂಬ ಉತ್ತರಕ್ಕೆ ಗುರುತು ಹಾಕಿದಂತೆ. ಅವರ ಆಕ್ಷೇಪ ಆಕ್ಷೇಪವಾಗಿ ನಿರ್ದುಷ್ಟವಾದದ್ದು. ಕ್ಲ್ಯಾಟಿನಲ್ಲಿ ಅದನ್ನು ಒಂದು ಉತ್ತರವಾಗಿ ಇಟ್ಟರೆ ಅದಕ್ಕೇ ಪೂರ್ತಿ ಅಂಕ.

ಅದಕ್ಕೆ ಸಮಾಧಾನ ಬಂದದ್ದು 1959ರಲ್ಲಿ ಅಮೆರಿಕದ ಕಾರ್ನ್‌ಫೀಲ್ಡ್ ಮತ್ತು ಅವರ ಸಹೋದ್ಯೋಗಿಗಳಿಂದ. ಅವರು ಆಕ್ಷೇಪ ಸಾಧ್ಯವೇ ಎಂದು ಕೇಳಲಿಲ್ಲ, ಎಷ್ಟು ಎಂದು ಕೇಳಿದರು. ಸಿಗರೇಟು ಸೇದುವವರಿಗೆ ಈ ಕ್ಯಾನ್ಸರು ಬರುವ ಸಂಭವ ಸೇದದವರಿಗಿಂತ ಒಂಬತ್ತು ಪಟ್ಟು. ಯಾವುದೋ ಗುಪ್ತ ಗುಣವೇ ಇದಕ್ಕೆಲ್ಲ ಕಾರಣವೆಂದಾದರೆ ಆ ಗುಣ ಸೇದದವರಲ್ಲಿರುವುದಕ್ಕಿಂತ ಸೇದುವವರಲ್ಲಿ ಕಡಿಮೆಯೆಂದರೂ ಒಂಬತ್ತು ಪಟ್ಟು ಹೆಚ್ಚಾಗಿರಬೇಕು. ಅಂಥ ಗುಣವನ್ನು ಯಾರೂ ತೋರಿಸಲಿಲ್ಲ. ಇತ್ತ ಡಾಲ್ ಮತ್ತು ಹಿಲ್ ಬ್ರಿಟನ್ನಿನ ಸುಮಾರು ನಲವತ್ತು ಸಾವಿರ ವೈದ್ಯರನ್ನು 1951ರಿಂದ ಹಿಂಬಾಲಿಸಿ, ಹೆಚ್ಚು ಸೇದುವವರಿಗೆ ಹೆಚ್ಚು ಅಪಾಯವೆಂದೂ, ಬಿಟ್ಟವರಿಗೆ ಅಪಾಯ ಇಳಿಯುತ್ತದೆಂದೂ ತೋರಿಸಿದ್ದರು. ಹುಟ್ಟುಗುಣವೇ ಕಾರಣವಾಗಿದ್ದರೆ ಸಿಗರೇಟು ಬಿಟ್ಟ ಮಾತ್ರಕ್ಕೆ ಅಪಾಯ ಇಳಿಯಬೇಕಾದ ಕಾರಣವಿಲ್ಲ. ಫಿಷರರ ಆಕ್ಷೇಪ ಕೊನೆಗೆ ಸಡಿಲವಾದದ್ದು ಹೀಗೆ. ಅಷ್ಟರಲ್ಲಿ ತಂಬಾಕು ಕಂಪನಿಗಳು ಸಂದೇಹವನ್ನೇ ಸರಕಾಗಿ ಮಾರಲು ಕಲಿತುಬಿಟ್ಟಿದ್ದವು. ಸಿಗರೇಟು ಒಳ್ಳೆಯದೆಂದು ಅವರು ಸಾಧಿಸಬೇಕಾಗಿರಲಿಲ್ಲ. ಇನ್ನೂ ಸಿದ್ಧವಾಗಿಲ್ಲ ಎಂದು ಹೇಳುತ್ತಿದ್ದರೆ ಸಾಕಾಗಿತ್ತು, ಎಷ್ಟೋ ವರ್ಷ ವ್ಯಾಪಾರ ನಡೆಯಿತು.

ಸಡಿಲಿಸುವುದನ್ನಷ್ಟೇ ಕಲಿತ ಬುದ್ಧಿ ಯಾರ ಕೈಗೆ ಆಯುಧವಾದೀತೆಂಬ ಚಿಂತೆ ಇದರಿಂದ ನಮಗೆ ಬಂದಿದೆ. ಪ್ರಶ್ನೆಯನ್ನು ತೆಗೆದುಹಾಕಬೇಕೆಂದು ನಾವು ಹೇಳುವುದಿಲ್ಲ. ವಾದವನ್ನು ಬಲಪಡಿಸುವ ಹೇಳಿಕೆ ಯಾವುದು ಎಂಬ ಪ್ರಶ್ನೆಯೂ ಅದೇ ಪತ್ರಿಕೆಯಲ್ಲಿ ಬರುತ್ತದೆಂಬುದನ್ನು ಬಲ್ಲೆವು. ಆದರೆ ಅದರಲ್ಲಿಯೂ ತೂಕದ ಮಾತಿಲ್ಲ. 'ಈಗ ಈ ತೀರ್ಮಾನವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಇನ್ನೇನು ತಿಳಿದರೆ ನಿಮ್ಮ ಮನಸ್ಸು ಬದಲಾದೀತು?' ಎಂದು ಮೂರು ಸಾಲಿನಲ್ಲಿ ಬರೆಯಿಸುವ ಪ್ರಶ್ನೆ ಒಂದಾದರೂ ಇರಬೇಕು. ಯಂತ್ರ ತಿದ್ದುವ ಉತ್ತರಪತ್ರಿಕೆಯಲ್ಲಿ ಅದಕ್ಕೆ ಜಾಗವಿಲ್ಲವೆನ್ನುವುದು ಗೊತ್ತಿದ್ದ ಉತ್ತರವೇ.

ಕ್ಲ್ಯಾಟಿನಲ್ಲಿ ಹೊತ್ತೂ ಇಲ್ಲ. 2023ರ ಡಿಸೆಂಬರಿನ ಪರೀಕ್ಷೆಯಿಂದ 120 ಪ್ರಶ್ನೆ, ಎರಡು ಗಂಟೆ. ಗದ್ಯಭಾಗವನ್ನು ಓದುವ ಸಮಯವೂ ಸೇರಿ ಪ್ರಶ್ನೆಗೆ ಒಂದು ನಿಮಿಷ. ತಪ್ಪಿಗೆ ಕಾಲು ಅಂಕ ಕಡಿತ. ಎಲ್ಲವೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ ಓದಿ ಬೆಳೆದ ಮಗು ಗದ್ಯವನ್ನು ಓದಿ ಮುಗಿಸಿ ಯೋಚಿಸಲು ಕೂರುವ ಹೊತ್ತಿಗೆ, ಧಾರವಾಡದ ಅಥವಾ ಸೊಲ್ಲಾಪುರದ ಕನ್ನಡ ಶಾಲೆಯಿಂದ ಬಂದ ಮಗು ಇನ್ನೂ ಓದುತ್ತಿರುತ್ತದೆ. ಅಂಕ ಕಡಿಮೆ ಬಂದಿತು, ಆದ್ದರಿಂದ ತರ್ಕಶಕ್ತಿ ಕಡಿಮೆ ಎಂಬ ತೀರ್ಮಾನವನ್ನು ಸಡಿಲಿಸುವ ಹೇಳಿಕೆ ಯಾವುದೆಂದು ಪರೀಕ್ಷೆ ನಡೆಸುವವರನ್ನೇ ಕೇಳಬೇಕೆನ್ನಿಸುತ್ತದೆ.

ಈ ಮಾತು ನಮ್ಮನ್ನು ನಮ್ಮವೇ ಮನೆಗಳಿಗೆ ತಂದು ನಿಲ್ಲಿಸುತ್ತದೆ. ಹೊರನಾಡಿನಲ್ಲಿ ನಾವೆಲ್ಲ ಕೇಳಿರುವ ಒಂದು ವಾದವಿದೆ. 'ಇಂಥವರ ಮನೆಯಲ್ಲಿ ಮಕ್ಕಳೊಡನೆ ಕನ್ನಡ ಮಾತಾಡುವುದನ್ನು ಬಿಟ್ಟರು. ಮಕ್ಕಳ ಇಂಗ್ಲಿಷ್ ಚೆನ್ನಾಯಿತು, ಒಳ್ಳೆಯ ಕಾಲೇಜು ಸಿಕ್ಕಿತು. ನಾವೂ ಬಿಡುವುದು ಮೇಲು' ಎಂದು. ಗಂಡ ಹೆಂಡಿರ ನಡುವೆ, ಅಜ್ಜಿ ಸೊಸೆಯರ ನಡುವೆ ಇದರ ಮೇಲೆ ಎಷ್ಟು ರಾತ್ರಿಗಳ ಮಾತುಕತೆ ನಡೆದಿದೆಯೋ! ಸಂಘದವರು ಇದಕ್ಕೆ ಕೊಡುವ ಉತ್ತರ ಸಾಮಾನ್ಯವಾಗಿ ತಾಯಿನುಡಿಯ ಮಹಿಮೆ. ಅದು ಅ ಎಂಬ ಉತ್ತರದ ಜಾತಿಯದು. ಕನ್ನಡದ ಮಹಿಮೆ ಎಷ್ಟೇ ಇರಲಿ, ಈ ವಾದದ ಗಂಟಿಗೆ ಅದು ತಗಲುವುದಿಲ್ಲ. ಕನ್ನಡ ಬಿಟ್ಟ ಆ ಮನೆಯಲ್ಲಿ ಅದರ ಜೊತೆಗೆ ಇನ್ನೇನು ಬದಲಾಯಿತು, ಅದನ್ನು ವಿಚಾರಿಸಬೇಕು. ಹಾಗೆ ವಿಚಾರಿಸಿ ವಾದ ಸಡಿಲವಾದರೂ, ಕನ್ನಡ ಉಳಿಸಿಕೊಂಡರೆ ಇಂಗ್ಲಿಷಿಗೆ ಲಾಭವೆಂದು ಅದರಿಂದಲೇ ಸಿದ್ಧವಾಗುವುದಿಲ್ಲ. ಪಂಪಿನ ಹಿಡಿಯ ನ್ಯಾಯ ನಮಗೂ ಅನ್ವಯಿಸುತ್ತದೆ. ಅದಕ್ಕೆ ಬೇರೆ ಆಧಾರವನ್ನು ನಾವೇ ಹುಡುಕಬೇಕು, ಬಿಯರು ಕುಡಿದವರಂಥ ಆಧಾರ: ಅದೇ ಶಾಲೆ, ಅದೇ ಖರ್ಚು, ಮನೆಮಾತು ಮಾತ್ರ ಬೇರೆ.

ಓದುಗರ ಮನೆಗಳಲ್ಲಿ ಮಾಡಿ ನೋಡಲೆಂದು ಆ ವಾದದ ಕೆಳಗೆ ನಾಲ್ಕು ಹೇಳಿಕೆಗಳನ್ನಿಟ್ಟಿದ್ದೇವೆ, ನಾಲ್ಕೂ ಕಲ್ಪಿತ. ಅ: ಕನ್ನಡದಲ್ಲಿ ಶ್ರೇಷ್ಠ ಸಾಹಿತ್ಯವಿದೆ. ಆ: ಆ ಮನೆಯವರು ಕನ್ನಡ ಬಿಟ್ಟ ವರ್ಷವೇ ಮಕ್ಕಳನ್ನು ದುಬಾರಿ ಶಾಲೆಗೆ ಹಾಕಿ, ಮನೆಗೆ ಇಂಗ್ಲಿಷ್ ಮೇಷ್ಟರನ್ನೂ ಗೊತ್ತುಮಾಡಿದ್ದರು. ಇ: ಅದೇ ಶಾಲೆಯ ಅದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ಹುಡುಗಿಯೊಬ್ಬಳಿಗೂ ಇಂಗ್ಲಿಷಿನಲ್ಲಿ ಅಷ್ಟೇ ಅಂಕ ಬಂದಿದೆ. ಈ: ಆ ಮಕ್ಕಳಿಗೆ ಈಗ ಅಜ್ಜಿಯೊಡನೆ ಮಾತಾಡಲು ಬರುವುದಿಲ್ಲ. ಆ ಮತ್ತು ಇ ಇವೆರಡರಲ್ಲಿ ಯಾವುದು ಹೆಚ್ಚು ತೂಕದ್ದೆಂದು ಮಕ್ಕಳು ಹೇಳಲಿ. ಕಾರಣವನ್ನು ಕನ್ನಡದಲ್ಲಿಯೇ ಹೇಳಲಿ. ಕೊನೆಯದು ವಾದವನ್ನು ಸಡಿಲಿಸುವುದೇ ಇಲ್ಲ, ಪರೀಕ್ಷೆಯಲ್ಲಿ ಅದಕ್ಕೆ ಸೊನ್ನೆ. ಆದರೂ ಅದನ್ನು ಪಟ್ಟಿಯಿಂದ ತೆಗೆದುಹಾಕಲು ನಮಗೆ ಮನಸ್ಸು ಬರಲಿಲ್ಲ.